ಬೇಡವೆನ್ನುವ ಬಲ

ಮಂಗಳವಾರದ ಅಪರಾಹ್ಣ. ಗಂಟೆ ಮೂರಾಯಿತೆಂದರೆ ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಕನಕಪುರ ರಸ್ತೆಯ ಬನಶಂಕರಿ ದೇವಾಲಯದ ಪ್ರಾಕಾರ ಬಣ್ಣಬಣ್ಣದ ಸೀರೆಗಳಿಂದ ತುಂಬಿಹೋಗುತ್ತದೆ. ಬೇರೆಲ್ಲ ಶುಭಕಾರ್ಯಗಳಿಗೆ ವರ್ಜ್ಯವಾದ ರಾಹುಕಾಲವೇ ಇಲ್ಲಿ ಪೂಜೆಗೆ ಪ್ರಶಸ್ತವಾದ ವೇಳೆ. ನಿಂಬೆಯ ಹಣ್ಣನ್ನು ಎರಡು ಹೋಳು ಮಾಡಿ, ರಸವನ್ನು ಹಿಂಡಿ ತೆಗೆದು, ಒಳಮಗ್ಗುಲು ಹೊರಗಾಗುವಂತೆ ಸಿಪ್ಪೆಯನ್ನು ಮಗುಚಿ, ಆ ಪುಟ್ಟ ಬಟ್ಟಲಿನಲ್ಲಿ ತುಪ್ಪವನ್ನೋ ಎಣ್ಣೆಯನ್ನೋ ಎರೆದು ಬತ್ತಿ ಹೊತ್ತಿಸುತ್ತಾರೆ. ಒಂದೊಂದು ದೀಪದ ಹಿಂದೆಯೂ ಒಂದೊಂದು ಬಯಕೆ. ಮಗಳಿಗೆ ಕಂಕಣಬಲ ಕೂಡಿಬರಲಿ. ಮಗನಿಗೆ ಉದ್ಯೋಗ ದೊರೆಯಲಿ. ಮನೆಯವರ ಆರೋಗ್ಯ ನೆಟ್ಟಗಾಗಲಿ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಸಾಮಾನು ಸಾಗಿಸುವುದು ತಪ್ಪಿ ತಲೆಯ ಮೇಲೆ ಸ್ವಂತದೊಂದು ಸೂರು ಬರಲಿ.

ಇವುಗಳಲ್ಲಿ ಯಾವ ಬಯಕೆಯನ್ನು ತಪ್ಪೆನ್ನಬೇಕು? ಆದರೂ ಅದೇ ಧರ್ಮದ ಶಾಸ್ತ್ರಗ್ರಂಥಗಳನ್ನು ತೆರೆದರೆ, ಶಾಂತಿ ಬೇಕಾದವನು ಬಯಕೆಯನ್ನು ಬಿಡಬೇಕೆಂಬ ಮಾತು ಪುಟಪುಟಕ್ಕೂ ಎದುರಾಗುತ್ತದೆ. ದೇವಿಯ ಮುಂದೆ ಬೇಡಿ ಮನೆಗೆ ಬಂದ ತಾಯಿ, ಸಂಜೆಯ ಪ್ರವಚನದಲ್ಲಿ ಏನನ್ನೂ ಬೇಡಬಾರದೆಂಬ ಉಪದೇಶವನ್ನು ಕೇಳುತ್ತಾಳೆ. ಈ ಎರಡರಲ್ಲಿ ಯಾವುದನ್ನು ಆಕೆ ಹಿಡಿಯಬೇಕು? ಸಂಸಾರದ ನಡುವೆ ನಿಂತು, ಹಾಲಿನವನ ಲೆಕ್ಕವನ್ನೂ ಮಕ್ಕಳ ಶುಲ್ಕವನ್ನೂ ತೀರಿಸುತ್ತಿರುವವರಿಗೆ ಬಯಕೆಯ ತ್ಯಾಗವೆಂಬುದು ಸಾಧ್ಯವಾದ ಮಾತೆ?

ಈ ಪ್ರಶ್ನೆಗೆ ಉತ್ತರವನ್ನು ಹಿಮಾಲಯದ ಗುಹೆಗಳಲ್ಲಿ ಅರಸಬೇಕಾಗಿಲ್ಲ. ಬನಶಂಕರಿಯಲ್ಲಿ ಮೆಟ್ರೊ ಹತ್ತಿ ಐದನೆಯ ನಿಲ್ದಾಣವಾದ ನ್ಯಾಷನಲ್ ಕಾಲೇಜಿನಲ್ಲಿ ಇಳಿದರೆ ಬಸವನಗುಡಿ. ಆ ಬಡಾವಣೆಯ ಬೀದಿಗಳಲ್ಲಿ ಕಳೆದ ಶತಮಾನದಲ್ಲಿ ನಡೆದಾಡಿದ ಇಬ್ಬರು ಮಹನೀಯರು ಬೇಡವೆನ್ನುವುದನ್ನು ಒಂದು ಕಲೆಯನ್ನಾಗಿ, ಒಂದು ಬಲವನ್ನಾಗಿ ಬಾಳಿ ತೋರಿಸಿದರು. ಒಬ್ಬರು ಭಗವದ್ಗೀತೆಯ ವ್ಯಾಖ್ಯಾನಕಾರರು. ಇನ್ನೊಬ್ಬರು ದೇವರನ್ನೇ ನಂಬದ ವಿಜ್ಞಾನಿ.

ಮಡಿಲಿಗೆ ಬಂದ ಲಕ್ಷ

1970ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ಒಂದು ಸನ್ಮಾನ ಸಮಾರಂಭ ನಡೆಯಿತು. ಅಧ್ಯಕ್ಷರು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. ಸನ್ಮಾನಿತರು ಎಂಬತ್ತು ದಾಟಿದ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು, ನಾಡಿಗೆಲ್ಲ ಡಿವಿಜಿ. ಅವರಿಗೆ ಒಂದು ಲಕ್ಷ ರೂಪಾಯಿಗಳ ನಿಧಿಯನ್ನು ಅರ್ಪಿಸಲಾಯಿತು. ಅಂದಿನ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಮಧ್ಯಮ ವರ್ಗದ ಗೃಹಸ್ಥನೊಬ್ಬನ ಉಳಿದ ಆಯುಸ್ಸನ್ನೆಲ್ಲ ನಿಶ್ಚಿಂತೆಯಿಂದ ಸಾಗಿಸಬಲ್ಲ ಹಣ. ಡಿವಿಜಿಯವರು ಆ ಹಣವನ್ನು ಇಡಿಯಾಗಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು.

ಕೊಟ್ಟವರು ಸಿರಿವಂತರಾಗಿದ್ದರೆ ಇದರಲ್ಲಿ ವಿಶೇಷವಿರುತ್ತಿರಲಿಲ್ಲ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿಯವರಿಗೆ ಮೆಟ್ರಿಕ್ಯುಲೇಷನ್ ಪರೀಕ್ಷೆ ಕೈಗೂಡಲಿಲ್ಲ. ಹೊಟ್ಟೆಪಾಡಿಗಾಗಿ ಬೆಂಗಳೂರಿಗೆ ಬಂದವರು ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಕಾರ್ಖಾನೆಯಲ್ಲಿಯೂ ಕೆಲಸ ಹಿಡಿದದ್ದುಂಟು. ಬಳಿಕ ಪತ್ರಿಕೋದ್ಯಮಕ್ಕೆ ಕಾಲಿಟ್ಟು, 1913ರಲ್ಲಿ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದರು. ದಿವಾನರುಗಳು ಅವರ ಅಭಿಪ್ರಾಯವನ್ನು ಕೇಳುತ್ತಿದ್ದ ಕಾಲ ಬಂದಿತು. ನ್ಯಾಯವಿಧಾಯಕ ಸಭೆಯ ಸದಸ್ಯತ್ವ ಬಂದಿತು. 1932ರ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿ ಬಂದಿತು. ಆದರೆ ಅಧಿಕಾರಕ್ಕೆ ಹತ್ತಿರವಿದ್ದವರ ಮನೆಗೆ ಸಾಮಾನ್ಯವಾಗಿ ಬರುವ ಸಿರಿ ಮಾತ್ರ ಬರಲಿಲ್ಲ. ಬರಲಿಲ್ಲವೆನ್ನುವುದಕ್ಕಿಂತ, ಬಂದದ್ದನ್ನು ಅವರು ಒಳಗೆ ಕರೆಯಲಿಲ್ಲವೆನ್ನುವುದೇ ಸರಿ. ಸರ್ಕಾರಕ್ಕಾಗಿ ಮಾಡಿದ ಬರವಣಿಗೆಗೆ ಸಂಭಾವನೆಯೆಂದು ಬಂದಿದ್ದ ಚೆಕ್ಕುಗಳು, ನಗದಾಗದೆ ಅವರ ಪೆಟ್ಟಿಗೆಯಲ್ಲಿಯೇ ಉಳಿದಿದ್ದುವೆಂದು ಅವರನ್ನು ಬಲ್ಲವರು ಹೇಳುತ್ತಿದ್ದರು.

ಚೆಕ್ಕನ್ನು ಹಿಂದಿರುಗಿಸಿದ್ದರೆ ಅದೊಂದು ಪ್ರದರ್ಶನವಾಗುತ್ತಿತ್ತು, ಕೊಟ್ಟವರಿಗೆ ನೋವಾಗುತ್ತಿತ್ತು. ಹಣ ಮಾಡಿಕೊಂಡಿದ್ದರೆ ಮುಂದೊಮ್ಮೆ ಸರ್ಕಾರವನ್ನು ಟೀಕಿಸಬೇಕಾಗಿ ಬಂದಾಗ ಲೇಖನಿ ಹಿಂಜರಿಯಬಹುದಾಗಿತ್ತು. ಪೆಟ್ಟಿಗೆಯ ತಳದಲ್ಲಿ ಸದ್ದಿಲ್ಲದೆ ಮಲಗಿದ ಚೆಕ್ಕು ಈ ಎರಡೂ ಕಷ್ಟಗಳನ್ನು ತಪ್ಪಿಸಿತು. ಬಯಕೆಯನ್ನು ಬಿಡುವುದರಿಂದ ದೊರೆಯುವ ಮೊದಲನೆಯ ಫಲ ಇದೇ ಇರಬೇಕು. ಅದು ಮೋಕ್ಷವಲ್ಲ, ಸ್ವರ್ಗವೂ ಅಲ್ಲ; ಯಾರಿಗೂ ಅಂಜದೆ ನಿಜವನ್ನು ನುಡಿಯುವ ಸ್ವಾತಂತ್ರ್ಯ.

ಸಂನ್ಯಾಸ ಬೇರೆ, ತ್ಯಾಗ ಬೇರೆ

ಗೋಖಲೆ ಸಂಸ್ಥೆಯನ್ನು ಡಿವಿಜಿಯವರು 1945ರಲ್ಲಿ ಸ್ಥಾಪಿಸಿದರು. ಬುಲ್ ಟೆಂಪಲ್ ರಸ್ತೆಯಲ್ಲಿರುವ ಆ ಸಂಸ್ಥೆಯಲ್ಲಿ ರಾಜ್ಯಶಾಸ್ತ್ರದೊಡನೆ ಉಪನಿಷತ್ತಿಗೂ, ಪೌರಧರ್ಮದೊಡನೆ ಕಾವ್ಯಕ್ಕೂ ಸ್ಥಳವಿದ್ದಿತು. ಅಲ್ಲಿ ಅವರು ನಡೆಸಿದ ಗೀತಾಪ್ರವಚನಗಳು ಮುಂದೆ 'ಜೀವನಧರ್ಮಯೋಗ'ವೆಂಬ ಗ್ರಂಥವಾಗಿ, 1967ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದುವು. ಗ್ರಂಥದ ಹೆಸರೇ ಅವರ ನಿಲವನ್ನು ಸಾರುತ್ತದೆ. ಗೀತೆ ಬಾಳನ್ನು ಬಿಟ್ಟುಹೋಗುವವರ ಶಾಸ್ತ್ರವಲ್ಲ, ಬಾಳುವವರ ಶಾಸ್ತ್ರ.

ಗೀತೆಯ ಎರಡನೆಯ ಅಧ್ಯಾಯದಲ್ಲಿ ಅರ್ಜುನನು ಸ್ಥಿತಪ್ರಜ್ಞನ ಲಕ್ಷಣವೇನೆಂದು ಕೇಳುತ್ತಾನೆ. ಉತ್ತರವಾಗಿ ಕೃಷ್ಣನು ಮನುಷ್ಯನ ಪತನದ ಮೆಟ್ಟಿಲುಗಳನ್ನು ಒಂದೊಂದಾಗಿ ತೋರಿಸುತ್ತಾನೆ. ವಿಷಯವೊಂದನ್ನು ಮನಸ್ಸು ಮತ್ತೆ ಮತ್ತೆ ನೆನೆಯುವುದು ಮೊದಲ ಮೆಟ್ಟಿಲು. ನೆನಹಿನಿಂದ ಅಂಟು; ಅಂಟಿನಿಂದ ಬಯಕೆ; ಬಯಕೆಗೆ ಅಡ್ಡಿಯಾದಾಗ ಕೋಪ; ಕೋಪದಿಂದ ಮಂಕು; ಮಂಕಿನಿಂದ ಕಲಿತದ್ದರ ಮರೆವು; ಮರೆವಿನಿಂದ ವಿವೇಕದ ನಾಶ.

ಇದನ್ನು ಜಯನಗರದ ಬೀದಿಯೊಂದಕ್ಕೆ ತಂದು ನೋಡಬಹುದು. ಎದುರುಮನೆಯವರು ಕೆಳಗಿನ ಮನೆಯನ್ನು ಕೆಡವಿ ನಾಲ್ಕು ಅಂತಸ್ತು ಎಬ್ಬಿಸುತ್ತಾರೆ. ಈ ಮನೆಯ ಯಜಮಾನರು ಬೆಳಗಿನ ಕಾಫಿಯ ಲೋಟ ಹಿಡಿದು ಅದನ್ನೇ ನೋಡುತ್ತ ನಿಲ್ಲುತ್ತಾರೆ. ಮೊದಲ ವಾರ ಅದು ಕುತೂಹಲ. ಎರಡನೆಯ ವಾರ ಲೆಕ್ಕಾಚಾರ. ಮೂರನೆಯ ತಿಂಗಳಲ್ಲಿ, ಪಿತ್ರಾರ್ಜಿತದ ಮೂವತ್ತು-ನಲವತ್ತರ ನಿವೇಶನದಲ್ಲಿ ತಮ್ಮನ ಪಾಲೆಷ್ಟು ಎಂಬ ಪ್ರಶ್ನೆ ಏಳುತ್ತದೆ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಅಣ್ಣತಮ್ಮಂದಿರು ವರ್ಷ ತುಂಬುವುದರೊಳಗೆ ನ್ಯಾಯಾಲಯದ ಜಗಲಿಯ ಮೇಲೆ ಬೆನ್ನು ತಿರುಗಿಸಿ ಕುಳಿತಿರುತ್ತಾರೆ. ಮನೆ ಕಟ್ಟಬೇಕೆಂಬ ಆಸೆ ಪಾಪವಾಗಿರಲಿಲ್ಲ. ಆಸೆ ತನ್ನ ಒಡೆಯನನ್ನೇ ಆಳಾಗಿ ಮಾಡಿಕೊಂಡದ್ದು ಕೇಡಾಯಿತು.

ಹಾಗಾದರೆ ಮನೆಮಾರುಗಳನ್ನು ಬಿಟ್ಟುಹೋಗುವುದೇ ಪರಿಹಾರವೆ? ಹದಿನೆಂಟನೆಯ ಅಧ್ಯಾಯದ ಆರಂಭದಲ್ಲಿ ಗೀತೆ ಈ ಗೊಂದಲವನ್ನು ಬಿಡಿಸುತ್ತದೆ. ಫಲಾಪೇಕ್ಷೆಯಿಂದ ಮಾಡುವ ಕಾಮ್ಯಕರ್ಮಗಳನ್ನೇ ಬಿಡುವುದು ಸಂನ್ಯಾಸ. ಕರ್ಮವನ್ನು ಮಾಡುತ್ತಲೇ ಅದರ ಫಲದ ಮೇಲಣ ಹಕ್ಕನ್ನು ಬಿಡುವುದು ತ್ಯಾಗ. ಮಾಡಲೇಬೇಕಾದ ಕರ್ತವ್ಯವನ್ನು ಕಷ್ಟವೆಂದು ಹೆದರಿ ಬಿಟ್ಟವನಿಗೆ ತ್ಯಾಗದ ಫಲ ದೊರೆಯದೆಂದೂ ಅಲ್ಲಿಯೇ ಎಚ್ಚರಿಕೆಯುಂಟು. ಮಗನನ್ನು ಓದಿಸುವುದು ತಂದೆಯ ಕರ್ಮ. ಅವನು ವೈದ್ಯನೇ ಆಗಬೇಕು, ತನ್ನನ್ನು ಅಮೆರಿಕೆಗೆ ಕರೆಸಿಕೊಳ್ಳಲೇಬೇಕು, ಮುಪ್ಪಿನಲ್ಲಿ ಇಂತಿಷ್ಟು ಕಳುಹಿಸಲೇಬೇಕು ಎಂಬುದು ಫಲದ ಹಂಬಲ. ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಸಡಿಲಿಸಿದರೆ ತಂದೆಗೂ ನಿದ್ರೆ; ಮಗನಿಗೂ ಉಸಿರು.

ಆಸೆಯ ದೋಷ ವಸ್ತುವಿನಲ್ಲಿಲ್ಲ, ಅದನ್ನು ಹಿಡಿದ ಮನಸ್ಸಿನಲ್ಲಿದೆಯೆಂಬುದನ್ನು ಹನ್ನೆರಡನೆಯ ಶತಮಾನದಲ್ಲಿಯೇ ಅಲ್ಲಮಪ್ರಭು ಕನ್ನಡಿಗರಿಗೆ ತಿಳಿಯಹೇಳಿದ್ದನು. ಅನುಭವಿಸಿ ತೀರಿಸಿಬಿಡುತ್ತೇನೆಂದು ಹೊರಟವನ ಗತಿಯೇನೆಂಬುದಕ್ಕೆ ಮಹಾಭಾರತದ ಯಯಾತಿ ಸಾಕ್ಷಿ. ಮಗನಾದ ಪೂರುವಿನಿಂದ ಯೌವನವನ್ನು ಕಡ ಪಡೆದು ಸಾವಿರ ವರ್ಷ ಭೋಗಿಸಿದ ಆ ಅರಸು, ಕಟ್ಟಕಡೆಗೆ ಕಂಡುಕೊಂಡದ್ದು ಇಷ್ಟೆ: ಭೋಗದಿಂದ ಬಯಕೆ ತಣಿಯುವುದಿಲ್ಲ, ಕೆರಳುತ್ತದೆ.

ಒಣಗಿದ ಮನಸ್ಸಲ್ಲ

ಬಯಕೆಯನ್ನು ಬಿಟ್ಟವರೆಂದರೆ ನಗುವನ್ನು ಮರೆತವರು, ಹೂವನ್ನು ಕಂಡರೆ ಮುಖ ತಿರುಗಿಸುವವರು ಎಂಬ ಭಾವನೆ ಹಲವರಲ್ಲಿದೆ. ಡಿವಿಜಿಯವರ ಕೃತಿಗಳ ಪಟ್ಟಿಯೇ ಇದಕ್ಕೆ ಸಮಾಧಾನ. 945 ಮುಕ್ತಕಗಳ 'ಮಂಕುತಿಮ್ಮನ ಕಗ್ಗ'ವನ್ನು 1943ರಲ್ಲಿ ಪ್ರಕಟಿಸಿದ ಕವಿಯೇ, ಬೇಲೂರಿನ ಚೆನ್ನಕೇಶವ ದೇಗುಲದ ಮದನಿಕೆಯರ ಚೆಲುವಿಗೆ ಮನಸೋತು 'ಅಂತಃಪುರಗೀತೆ'ಯನ್ನು ಹಾಡಿದರು. ಪಾರಸಿಕ ಕವಿ ಉಮರ್ ಖಯ್ಯಾಮನ ಪದ್ಯಗಳನ್ನು 'ಉಮರನ ಒಸಗೆ'ಯಾಗಿ ಕನ್ನಡಕ್ಕೆ ತಂದವರೂ ಅವರೇ. ಶಿಲಾಬಾಲಿಕೆಯ ಬಳುಕಿನಲ್ಲಿ ಆನಂದವನ್ನು ಕಂಡವರಿಗೆ ಆಕೆಯನ್ನು ಕಿತ್ತು ಮನೆಗೊಯ್ಯಬೇಕೆನಿಸಲಿಲ್ಲ. ಮೆಚ್ಚುವುದಕ್ಕೆ ಒಡೆತನ ಬೇಕಾಗಿಲ್ಲ. ಲಾಲ್‌ಬಾಗಿನ ಹೂವು ತೋಟಗಾರನಿಗೆಷ್ಟೋ ದಾರಿಹೋಕನಿಗೂ ಅಷ್ಟೇ ಅರಳುತ್ತದೆ. ಕೀಳಹೊರಟವನಿಗೆ ಮಾತ್ರ ಕಾವಲುಗಾರನ ಭಯ.

ತ್ಯಾಗ ಮಾಡುವವನು ಸೌಂದರ್ಯವನ್ನು ಬಿಡುವುದಿಲ್ಲ, ತನ್ನದೆಂಬ ಹಿಡಿತವನ್ನು ಬಿಡುತ್ತಾನೆ. ತನ್ನದಲ್ಲದ್ದನ್ನು ಹೀಗೆ ಮೆಚ್ಚಬಲ್ಲವನಿಗೆ ಸಂತೋಷದ ಮೂಲಗಳು ಕಡಿಮೆಯಾಗುವ ಬದಲು ಹೆಚ್ಚುತ್ತವೆ.

ಒಂದು ಸೀರೆಯ ಪ್ರಶ್ನೆ

ಇಷ್ಟಕ್ಕೇ ನಿಲ್ಲಿಸಿದರೆ ಚಿತ್ರ ಸುಂದರವಾಗಿರುತ್ತದೆ, ಪೂರ್ಣವಾಗಿರುವುದಿಲ್ಲ. ಡಿವಿಜಿಯವರ ಬದುಕನ್ನು ನೆನೆಯುವವರು ಮರೆಯದೆ ಹೇಳುವ ಪ್ರಸಂಗವೊಂದಿದೆ. ಬಂಧುಗಳ ಮನೆಯಲ್ಲಿ ಒಂದು ಸಮಾರಂಭ. ಮಕ್ಕಳು ಹೊರಟುಹೋಗಿದ್ದರು, ಪತ್ನಿ ಭಾಗೀರಥಮ್ಮನವರು ಮಾತ್ರ ಮನೆಯಲ್ಲಿಯೇ ಉಳಿದಿದ್ದರು. ಮನೆಗೆ ಬಂದ ಪತಿ ಕಾರಣ ಕೇಳಿದಾಗ ಆಕೆ ಮರೆಮಾಚದೆ ಹೇಳಿದರು. ಉಟ್ಟುಕೊಂಡು ಹೋಗಲು ಇದ್ದದ್ದು ಒಂದೇ ಸೀರೆ. ಅದೂ ಅಲ್ಲಲ್ಲಿ ಹರಿದಿತ್ತು. ಅದನ್ನುಟ್ಟು ನಾಲ್ಕು ಜನರ ನಡುವೆ ಹೋದರೆ ತಮಗೇನೂ ಕುಂದಿಲ್ಲ. ಊರಿಗೆ ದೊಡ್ಡವರೆನಿಸಿದ ಪತಿಯ ಗೌರವಕ್ಕೆ ಕುಂದು. ಹಾಗೆಂದು ಆಕೆ ಮನೆಯಲ್ಲಿ ಉಳಿದಿದ್ದರು.

ಭಾಗೀರಥಮ್ಮನವರು 1924ರಲ್ಲಿ ತೀರಿಕೊಂಡರು. ಆಗ ಡಿವಿಜಿಯವರಿಗೆ ಮೂವತ್ತೇಳು ವರ್ಷ. ಅವರು ಮತ್ತೆ ಮದುವೆಯಾಗಲಿಲ್ಲ. ತಾಯಿಯನ್ನು ಕಳೆದುಕೊಂಡಾಗ ಆರು ವರ್ಷದವನಾಗಿದ್ದ ಮಗ, ಮುಂದೆ ಸಸ್ಯವಿಜ್ಞಾನಿಯಾಗಿ, 'ಹಸುರು ಹೊನ್ನು' ಬರೆದ ಬಿ.ಜಿ.ಎಲ್. ಸ್ವಾಮಿಯಾಗಿ ಹೆಸರಾದರು.

ಆ ಹರಿದ ಸೀರೆಯನ್ನು ತ್ಯಾಗದ ಮಹಿಮೆಯೆಂದು ಹೊಗಳಿ ಮುಂದೆ ಹೋಗುವುದು ಸುಲಭ. ಆದರೆ ಅದು ಕೇಳುವ ಪ್ರಶ್ನೆ ಸುಲಭವಾದುದಲ್ಲ. ಮನೆಯ ಯಜಮಾನನು ಬೇಡವೆಂದಾಗ ಅದರ ಬೆಲೆಯನ್ನು ಯಾರು ತೆರುತ್ತಾರೆ? ಹಣವನ್ನು ಒಲ್ಲೆನೆಂದವನಿಗೆ ಕೀರ್ತಿಯಾದರೂ ದೊರೆಯಿತು. ಅಡಿಗೆಮನೆಯ ಡಬ್ಬಿಯ ತಳವನ್ನು ಕೆರೆದು ನಾಳಿನ ಊಟವನ್ನು ಹೊಂದಿಸಿದವಳಿಗೆ ಏನು ದೊರೆಯಿತು? ಪತಿಯ ತತ್ತ್ವವನ್ನು ಅರಿತು ಮನಸಾರೆ ಒಪ್ಪಿದ ಪತ್ನಿಯ ತ್ಯಾಗ ಪತಿಯದಕ್ಕಿಂತ ದೊಡ್ಡದು. ಒಪ್ಪಿಗೆಯನ್ನೇ ಕೇಳದೆ ಹೇರಿದ್ದಾದರೆ ಅದು ತ್ಯಾಗವಲ್ಲ, ಬಡತನ. ಅದೂ ಒಬ್ಬರ ಹಟಕ್ಕೆ ಇನ್ನೊಬ್ಬರು ಅನುಭವಿಸುವ ಬಡತನ.

ಈ ನಾಡಿನ ಹಿರಿಯರ ಕಥೆಗಳು ಇದನ್ನು ಮರೆತಿಲ್ಲ. ಲೇವಾದೇವಿಯ ಶ್ರೀನಿವಾಸನಾಯಕ ಪುರಂದರದಾಸನಾದ ಕಥೆಯಲ್ಲಿ, ಮೊದಲು ಕೈಬಿಚ್ಚಿದವಳು ಆತನ ಪತ್ನಿ. ಬಾಗಿಲಿಗೆ ಬಂದ ಬಡ ಬ್ರಾಹ್ಮಣನಿಗೆ ತನ್ನ ಮೂಗುತಿಯನ್ನೇ ತೆಗೆದುಕೊಟ್ಟಳು. ಮೂಗುತಿ ಆಕೆಯದು; ಕೊಡುವ ನಿರ್ಧಾರವೂ ಆಕೆಯದೇ. ಆದುದರಿಂದಲೇ ಆ ಕೊಡುಗೆಗೆ ಗಂಡನ ಕಣ್ಣು ತೆರೆಸುವ ಶಕ್ತಿ ಬಂದಿತು. ತನ್ನದನ್ನು ತಾನೇ ಬಿಡುವುದು ತ್ಯಾಗ. ಮನೆಯವರ ತಟ್ಟೆಯಿಂದ ತೆಗೆದು ಬಿಡುವುದಕ್ಕೆ ಬೇರೆ ಹೆಸರಿದೆ.

ಹಾಸ್ಟೆಲಿನ ಕೋಣೆ

ಇನ್ನೊಬ್ಬರು ಈ ಪ್ರಶ್ನೆಯೇ ಹುಟ್ಟದಂತೆ ಒಂಟಿಯಾಗಿ ಬಾಳಿದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು, ಓದುವ ಆಸೆಯಿಂದ ನಡೆದುಕೊಂಡೇ ಬೆಂಗಳೂರಿಗೆ ಬಂದ ಬಡ ಹುಡುಗ. ಬಸವನಗುಡಿಯ ನ್ಯಾಷನಲ್ ವಿದ್ಯಾಸಂಸ್ಥೆಗಳಲ್ಲಿ ಓದಿ, ಸ್ವಾತಂತ್ರ್ಯದ ಹೋರಾಟದಲ್ಲಿ ಸೆರೆಮನೆಯನ್ನು ಕಂಡು, ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಅಮೆರಿಕದ ಓಹಾಯೊ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಹಿಂದಿರುಗಿದರು. 1972ರಿಂದ 1977ರ ವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳು, 1984ರಲ್ಲಿ ಪದ್ಮಭೂಷಣ. ಆದರೆ ಅವರ ವಿಳಾಸ ಮಾತ್ರ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯೇ. ಖಾದಿಯ ಬಟ್ಟೆ, ಗಾಂಧಿ ಟೋಪಿ, ಪುಸ್ತಕಗಳು, ಸುತ್ತಲೂ ವಿದ್ಯಾರ್ಥಿಗಳು. 2005ರ ಜನವರಿ 31ರಂದು ಅವರು ತೀರಿಕೊಂಡಾಗ, ಅವರ ಹಿಂದೆ ಉಳಿದ ಆಸ್ತಿಯೆಂದರೆ ಬೆಳೆಸಿದ ವಿದ್ಯಾಸಂಸ್ಥೆಗಳು ಮತ್ತು 1962ರಲ್ಲಿ ಸ್ಥಾಪಿಸಿದ ಬೆಂಗಳೂರು ವಿಜ್ಞಾನ ವೇದಿಕೆ.

ಈ ವ್ಯಕ್ತಿ ಗೀತೆಯ ಪ್ರವಚನಕಾರರಲ್ಲ. ಪವಾಡಗಳನ್ನು ಪರೀಕ್ಷೆಗೆ ಒಳಪಡಿಸಬೇಕೆಂದು 1976ರಲ್ಲಿ ಸಮಿತಿಯನ್ನು ರಚಿಸಿ ನಾಡಿನ ಗಮನವನ್ನು ಸೆಳೆದ ವಿಚಾರವಾದಿ. ಆತ್ಮ, ಪರಲೋಕಗಳ ಆಸರೆ ಅವರಿಗೆ ಬೇಕಾಗಿರಲಿಲ್ಲ. ಆದರೂ ಗೀತೆ ಸ್ಥಿತಪ್ರಜ್ಞನಿಗೆ ಹೇಳುವ ಲಕ್ಷಣಗಳಲ್ಲಿ ಹಲವನ್ನು ಅವರ ದಿನಚರಿಯಲ್ಲಿ ಕಾಣಬಹುದಾಗಿತ್ತು. ಬಯಕೆಯ ಹೊರೆ ಇಳಿದರೆ ಮನುಷ್ಯ ಹಗುರಾಗುತ್ತಾನೆಂಬ ಸತ್ಯ ಆಸ್ತಿಕರ ಸ್ವತ್ತಲ್ಲ. ಪ್ರಯೋಗ ಮಾಡಿ ನೋಡಿದವರೆಲ್ಲರ ಸ್ವತ್ತು.

ಇವರಿಬ್ಬರೂ ಏನನ್ನೂ ಬಯಸದವರಲ್ಲ ಎಂಬುದನ್ನು ಗಮನಿಸಬೇಕು. ಡಿವಿಜಿಯವರಿಗೆ ನಾಡಿನ ಪ್ರಜೆ ವಿಚಾರವಂತನಾಗಬೇಕೆಂಬ ಬಯಕೆ. ನರಸಿಂಹಯ್ಯನವರಿಗೆ ಬಡ ಹುಡುಗನಿಗೂ ವಿದ್ಯೆ ದಕ್ಕಬೇಕೆಂಬ ಬಯಕೆ. ತಮಗಾಗಿ ಬೇಡಲು ನಾಚುತ್ತಿದ್ದವರು ಸಂಸ್ಥೆಗಾಗಿ ಕೈಯೊಡ್ಡಲು ನಾಚಲಿಲ್ಲ. 'ನನಗೆ' ಎಂಬ ಮಾತು ಹಿಂದೆ ಸರಿದು 'ಅವರಿಗೆ' ಎಂಬ ಮಾತು ಮುಂದೆ ಬಂದಾಗ ಬಯಕೆಯ ಸ್ವಭಾವವೇ ಮಾರ್ಪಡುತ್ತದೆ. ಅದು ಸುಡುವ ಬೆಂಕಿಯಾಗಿ ಉಳಿಯದೆ ಅಡಿಗೆ ಬೇಯಿಸುವ ಬೆಂಕಿಯಾಗುತ್ತದೆ.

ಯಾರಿಗೆ ಈ ಉಪದೇಶ?

ತ್ಯಾಗದ ಮಾತನ್ನು ಯಾರಿಗೆ ಹೇಳಬೇಕೆಂಬ ವಿವೇಕವೂ ಬೇಕು. ಹೊಟ್ಟೆಗಿಲ್ಲದವನಿಗೆ ಆಸೆಯೇ ದುಃಖಕ್ಕೆ ಮೂಲವೆಂದು ಹೇಳುವುದು ತತ್ತ್ವವಲ್ಲ, ಕ್ರೌರ್ಯ. ಮನೆಗೆಲಸದ ಹೆಂಗಸು ಸಂಬಳ ಹೆಚ್ಚಿಸಿರೆಂದು ಕೇಳಿದಾಗ ಆಕೆಗೆ ಸಂತೃಪ್ತಿಯ ಮಹಿಮೆಯನ್ನು ಬೋಧಿಸುವ ಗೃಹಿಣಿ, ತನ್ನ ಪೆಟ್ಟಿಗೆಯ ಸೀರೆಗಳನ್ನು ಒಮ್ಮೆ ಎಣಿಸಿಕೊಳ್ಳುವುದು ಒಳ್ಳೆಯದು. ಬಿಡಬೇಕೆಂಬ ಉಪದೇಶ, ಬಿಡಲು ಏನಾದರೂ ಇರುವವರಿಗೆ.

ದಕ್ಷಿಣ ಬೆಂಗಳೂರಿನಲ್ಲಿ ಅಂಥವರು ಇಂದು ಬಹಳ. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರದಲ್ಲಿ ಅಗ್ಗಕ್ಕೆ ದೊರೆತ ನಿವೇಶನಗಳು ಇಂದು ಕೋಟಿಗಳ ಮಾತನ್ನಾಡುತ್ತವೆ. ಅದರ ಮಗ್ಗುಲಿನ ಜೆ.ಪಿ. ನಗರ ಜಯಪ್ರಕಾಶ ನಾರಾಯಣರ ಹೆಸರನ್ನು ಹೊತ್ತಿದೆ. 1954ರಲ್ಲಿ ಪಕ್ಷರಾಜಕೀಯದ ಭವಿಷ್ಯವನ್ನು ಬದಿಗಿಟ್ಟು ಭೂದಾನ ಚಳವಳಿಗೆ ಜೀವನವನ್ನೇ ದಾನವಿತ್ತವರು ಅವರು. 1977ರಲ್ಲಿ ಅಧಿಕಾರ ಕೈಗೆಟುಕುವಂತಿದ್ದಾಗಲೂ ಪದವಿಯನ್ನು ಒಪ್ಪಲಿಲ್ಲ. ಭೂಮಿಯನ್ನು ಕೊಡಿರೆಂದು ಊರೂರು ತಿರುಗಿದವರ ಹೆಸರಿನ ಬಡಾವಣೆಯಲ್ಲಿ, ಚದರಡಿ ಭೂಮಿಗಾಗಿ ಒಡಹುಟ್ಟಿದವರು ಮಾತು ಬಿಡುವಂತಾಗಬಾರದು.

ಗೃಹಸ್ಥನಿಗೆ ಮೂರು ಪರೀಕ್ಷೆಗಳು ಸಾಕು. ಈ ವಸ್ತು ಬೇಕೇ, ಅಥವಾ ಎದುರುಮನೆಯವರಲ್ಲಿದೆಯೆಂದು ಬೇಕೇ? ಇದು ಬರದೆ ಹೋದರೆ ಮನೆಯ ಮಾತುಕತೆ, ಊಟ, ನಿದ್ರೆಗಳು ಕೆಡುವುವೇ? ಇದನ್ನು ಬಿಟ್ಟರೆ ನೋವು ತನಗೋ, ಕೇಳದೆ ಉಳಿದ ಇನ್ನೊಬ್ಬರಿಗೋ? ಮೊದಲನೆಯದಕ್ಕೆ ಪ್ರಾಮಾಣಿಕವಾದ ಉತ್ತರ ದೊರೆತರೆ ಅರ್ಧ ಹೊರೆ ಅಲ್ಲಿಯೇ ಇಳಿಯುತ್ತದೆ. ಎರಡನೆಯದು ಬಯಕೆ ಆಳೋ ಅರಸೋ ಎಂಬುದನ್ನು ತಿಳಿಸುತ್ತದೆ. ಮೂರನೆಯದು ತ್ಯಾಗಿಯು ನಿಷ್ಠುರನಾಗದಂತೆ ಕಾಯುತ್ತದೆ.

ಬನಶಂಕರಿಯ ಸನ್ನಿಧಿಯಲ್ಲಿ ದೀಪ ಹಚ್ಚಿದ ತಾಯಿ ತನ್ನ ಬಯಕೆಗಾಗಿ ನಾಚಬೇಕಾಗಿಲ್ಲ. ಮಗಳಿಗೆ ಒಳ್ಳೆಯದಾಗಲೆಂದು ಕೇಳುವುದು ಮಾತೃಧರ್ಮ. ಕೇಳಿದ ಮೇಲೆ ಅದನ್ನು ದೇವಿಯ ಮುಂದೆಯೇ ಬಿಟ್ಟು, ಬರಿಗೈಯಲ್ಲಿ, ಹಗುರವಾದ ಮನಸ್ಸಿನಿಂದ ಮನೆಗೆ ಬರುವುದು ಸಾಧ್ಯವಾದರೆ ಗೀತೆ ಹೇಳಿದ ತ್ಯಾಗದ ಮೊದಲ ಪಾಠ ಆಕೆಗೆ ದಕ್ಕಿದಂತೆಯೇ. ದೀಪವನ್ನು ಅಲ್ಲಿಟ್ಟು ಚಿಂತೆಯನ್ನು ಮಾತ್ರ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಹಿಂದಿರುಗಿದರೆ, ಮುಂದಿನ ಮಂಗಳವಾರ ಇನ್ನೊಂದು ನಿಂಬೆಯ ಹಣ್ಣು ಬೇಕಾಗುತ್ತದೆ.